ನಮ್ಮ ಸಂಕಟ ಬರೆದುಕೊಂಡು ಎಲ್ಲಿಡ್ತಿ?

ಓದಿ, ತಮ್ಮವರ ನಡುವೆ ಕೆಲಸ ಮಾಡಲು ಹೊರಟು ಕಂಗಾಲಾದ ಮಕ್ಕಳು ಈಗೀಗ ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮಂಜೇಶ್ವರ ಕಡೆಯ ಹುಡುಗಿ. ಬುಡಕಟ್ಟಿನವಳು, ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಕೊರಗರೋ ಮಾವಿಲರೋ ಎಂದು ಹೇಳುವುದಿಲ್ಲ. ಅಷ್ಟು ಓದಿದವರು ಅಲ್ಲಿ ಕಡಿಮೆ, ಗುರುತು ಸಿಕ್ಕಿಬಿಡುತ್ತದೆ.

ತನ್ನವರ ನಡುವೆ ಕೆಲಸ ಮಾಡಲು ಹೊರಟವಳು ಎಲ್ಲ ಬಿಟ್ಟುಬಿಡುತ್ತೇನೆ ಎಂದು ಬಂದಿದ್ದಳು. ಮೊದಮೊದಲು ಬರೀ ಅಳು. ಆಮೇಲೆ ವಿಷಯ ಹೇಳಿದಳು. ಪ್ರಾಜೆಕ್ಟಿಗೆಂದು ತನ್ನವರ ಕಾಲೊನಿಯ ಮನೆ ಮನೆಗೆ ಹೋಗಿ ಮಾನಸಿಕ ಆರೋಗ್ಯದ ಪ್ರಶ್ನೆಗಳ ಫಾರಂ ತುಂಬಿಸಿದ್ದಳು. ಚಿಕ್ಕಮ್ಮನ ಮೈಮೇಲೆ ದೈವ ಬರುತ್ತದೆ. ಫಾರಂನಲ್ಲಿ ಅದಕ್ಕೂ ಅಂಕ ಬಿತ್ತು, ರೋಗ ಎಂದಾಯಿತು. ಅವತ್ತು ರಾತ್ರಿ ಅಮ್ಮ ಕೇಳಿದರಂತೆ: "ನಮ್ಮ ಸಂಕಟ ಎಲ್ಲ ಬರ್ಕೊಂಡೆ. ತಗೊಂಡು ಹೋಗಿ ಎಲ್ಲಿಡ್ತಿ ಮಗಾ?"

"ಚಿಕ್ಕಮ್ಮನನ್ನು ನಾನೇ ರೋಗಿ ಮಾಡಿದೆ ಮೇಡಂ" ಎಂದಳು.

ನಾನು ಸಮಾಧಾನ ಹೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ, 2022ರಿಂದ ಜಾರಿಯಲ್ಲಿರುವ ಐಸಿಡಿ-11 ತೆಗೆದು ಓದಿಸಿದೆ. ಒಂದು ಸಮುದಾಯ ತನ್ನ ಆಚರಣೆಯ ಭಾಗವೆಂದು ಒಪ್ಪಿದ, ಹೀಗೆ ಮೈಮೇಲೆ ಬರುವ ಆವೇಶ ರೋಗವಲ್ಲ ಎಂದು ಅದರಲ್ಲೇ ಇದೆ. ತಪ್ಪಿದ್ದು ಫಾರಂನಲ್ಲಿ. ಆಮೇಲೆ ಕೇಳಿದೆ: "ಚಿಕ್ಕಮ್ಮನಿಗೆ ರೋಗ ಇಲ್ಲ ಅಂತ ನೀನು ಬರೆದುಕೊಟ್ಟರೆ ಆಸ್ಪತ್ರೆಯಲ್ಲಿ ಯಾರು ಒಪ್ತಾರೆ?" ಅವಳು ತುಂಬ ಹೊತ್ತು ಯೋಚಿಸಿದಳು. "ಯಾರೂ ಇಲ್ಲ" ಎಂದಳು.

ಎಂ.ಎಸ್ಸಿ. ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕ್ಲಿನಿಕಲ್ ಸೈಕಾಲಜಿ ಕೋರ್ಸ್ ಮುಗಿಸಿ ನೋಂದಣಿ ಮಾಡಿಸಬೇಕು. ಮೊದಲು ಅದನ್ನು ಮಾಡು ಎಂದೆ. ಗೆಳೆಯರು ಕೆಲವರಿಗೆ ಈ ಸಲಹೆ ಹಿಡಿಸಲಿಲ್ಲ. ಅದೇ ವ್ಯವಸ್ಥೆಗೆ ಮತ್ತೆ ತಳ್ಳಿದಿರಲ್ಲ ಎಂದರು. ಹೌದು, ತಳ್ಳಿದೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಮೇಸನ್ ಡ್ಯೂರಿ 1980ರ ದಶಕದಲ್ಲಿ ಆರೋಗ್ಯವನ್ನು ನಾಲ್ಕು ಗೋಡೆಗಳ ಮನೆಯಾಗಿ ತೋರಿಸಿದರು. ದೇಹ, ಮನಸ್ಸಿನ ಜೊತೆ ಕುಟುಂಬ ಮತ್ತು ಆತ್ಮವೂ ಅದರಲ್ಲಿ ಗೋಡೆಗಳೇ. ಅವರು ಮನೋವೈದ್ಯರು. ಪದವಿ ಕೈಯಲ್ಲಿಟ್ಟುಕೊಂಡೇ ತಮ್ಮವರ ಮಾತನ್ನು ಆಸ್ಪತ್ರೆಯೊಳಗೆ ತಂದರು, ಅಲ್ವಾ?

ಅಮ್ಮನ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು. ಬರೆದದ್ದನ್ನು ಕಾಲೊನಿಗೆ ತಗೊಂಡು ಹೋಗಿ ಓದಿ ಹೇಳು, ಯಾರು ಬೇಡ ಅಂತಾರೋ ಅವರದ್ದು ತೆಗೆದುಬಿಡು ಎಂದೆ. ಸ್ವಂತ ಕಾಲೊನಿಯಲ್ಲಿ ಆಪ್ತಸಲಹೆ ಬೇಡ, ಅಲ್ಲಿ ಎಲ್ಲರೂ ನೆಂಟರೇ. ಬೇರೆ ಕಾಲೊನಿಯಲ್ಲಿ ಶುರು ಮಾಡು. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿದೆ: ನಿದ್ದೆ, ಊಟ ಬಿಟ್ಟು ಇಲ್ಲದ ದನಿ ಕೇಳಿ ಹೆದರುವವರನ್ನು ಕಂಡರೆ, ದೈವದ ಹರಕೆ ನಡೆಯಲಿ, ಆದರೆ ಅವತ್ತೇ ಆಸ್ಪತ್ರೆಗೂ ಕರೆದುಕೊಂಡು ಹೋಗು.