ಬೀರುವಿನ ಮೈಕ್ರೋಸ್ಕೋಪು, ಒಂದು ಸೇರು ಅವರೆಕಾಳು

ಓದುಗರ ಪತ್ರ: ಸರ್, ನಮ್ಮದು ಬೆಂಗಳೂರಿನ ಒಂದು ಸರ್ಕಾರಿ ಪ್ರೌಢಶಾಲೆ. ವಿಜ್ಞಾನ ಪಾಠಕ್ಕೆ ಬೇಕಾದ್ದು ತೆಗೆದುಕೊಳ್ಳಿ ಅಂತ ಹಳೆಯ ವಿದ್ಯಾರ್ಥಿಗಳು 30 ಸಾವಿರ ರೂಪಾಯಿ ಕೊಟ್ಟಿದ್ದಾರೆ. ದುಬಾರಿಯಾದರೂ ಒಂದು ಒಳ್ಳೆಯ ಮೈಕ್ರೋಸ್ಕೋಪು ತರೋಣ ಅನ್ನುತ್ತಾರೆ ನಮ್ಮ ಹೆಡ್‌ಮಾಸ್ಟರು. ಮನುಷ್ಯನ ದೇಹದ ಪ್ಲಾಸ್ಟಿಕ್ ಮಾದರಿ, ಚಾರ್ಟುಗಳು ಸಾಕು ಅನ್ನುವವರೂ ಇದ್ದಾರೆ. ಒಂಬತ್ತನೇ ಕ್ಲಾಸಿನಲ್ಲಿ 52 ಮಕ್ಕಳು. ಏನು ತರಲಿ? ಮಕ್ಕಳನ್ನು ಲಾಲ್‌ಬಾಗ್ ಪ್ರವಾಸಕ್ಕೆ ಕರೆದುಕೊಂಡು ಹೋಗಬಹುದೇ?
– ಒಬ್ಬ ಜೀವಶಾಸ್ತ್ರ ಶಿಕ್ಷಕಿ

ಸಂಪಾದಕರ ಉತ್ತರ:

ಮೇಡಂ, ಮೊದಲು ಒಂದು ಲೆಕ್ಕ ಹಾಕೋಣ. ನಿಮ್ಮ ಪಿರಿಯಡ್ಡು 40 ನಿಮಿಷ ಅಂತಿಟ್ಟುಕೊಳ್ಳಿ. ಮೈಕ್ರೋಸ್ಕೋಪು ಒಂದೇ, ಮಕ್ಕಳು 52. ಒಬ್ಬೊಬ್ಬರಿಗೆ ಸಿಗುವುದು 46 ಸೆಕೆಂಡು. ಒಂದು ಕಣ್ಣು ಮುಚ್ಚಲು ಒದ್ದಾಡುವುದರಲ್ಲೇ ಹತ್ತು ಸೆಕೆಂಡು ಹೋಯಿತು. ಏಳನೆಯವನ ಮೊಣಕೈ ತಾಗಿ ಫೋಕಸ್ ತಪ್ಪಿತು. ಎಂಟನೆಯವಳು ತನ್ನದೇ ರೆಪ್ಪೆಗೂದಲು ನೋಡಿ ‘ಕಾಣಿಸ್ತು ಮಿಸ್’ ಅಂದಳು. ಅವಳ ಹಿಂದಿನವರೆಲ್ಲ ಹಾಗೇ ಹೇಳಿ ಬೆಂಚಿಗೆ ಹೋದರು.

ನಾನೂ ಹೀಗೆ ‘ಕಾಣಿಸ್ತು’ ಅಂದವನೇ. ನಮ್ಮ ಶಾಲೆಯ ಮೈಕ್ರೋಸ್ಕೋಪು ಬೀರುವಿನಲ್ಲಿ, ಹಸಿರು ಬಟ್ಟೆ ಹೊದ್ದು ಕೂತಿರುತ್ತಿತ್ತು. ಪಕ್ಕದಲ್ಲಿ ಫಾರ್ಮಲಿನ್ ಬಾಟಲಿ, ಅದರೊಳಗೆ ಬಣ್ಣ ಬಿಟ್ಟ ಒಂದು ಹಾವು. ಮೂರು ವರ್ಷದಲ್ಲಿ ಆ ಬಟ್ಟೆ ತೆಗೆದದ್ದು ಎರಡು ಸಲ. ಒಂದು ಸಲ ಇನ್ಸ್‌ಪೆಕ್ಷನ್ನಿಗೆ, ಇನ್ನೊಂದು ಸಲ ಆಯುಧಪೂಜೆಗೆ.

ಆದ್ದರಿಂದ ನನ್ನ ಸಲಹೆ ಇಷ್ಟು. ದೊಡ್ಡ ಮೈಕ್ರೋಸ್ಕೋಪು ಬೇಡ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ 26 ತನ್ನಿ, ಇಬ್ಬರಿಗೆ ಒಂದು. ಜೊತೆಗೆ ವಿದ್ಯಾರ್ಥಿಗಳು ಬಳಸುವ ಸಾದಾ ಮೈಕ್ರೋಸ್ಕೋಪು ಒಂದು ಸಾಕು. ಅದರಲ್ಲಿ ಕಣ್ಣಿಟ್ಟು ನೋಡುವ ತುದಿಗೆ ನಿಮ್ಮ ಮೊಬೈಲಿನ ಕ್ಯಾಮೆರಾ ಹಿಡಿಯಿರಿ, ಐದಾರು ಮಕ್ಕಳು ಒಟ್ಟಿಗೆ ನೋಡಬಹುದು. ಬೆರಳು ತೋರಿಸಿ ಜಗಳವನ್ನೂ ಆಡಬಹುದು, ಅದೇ ತಾನೇ ಬೇಕಾದದ್ದು? ಫೋಲ್ಡ್‌ಸ್ಕೋಪ್ ಅಂತ ಮಡಚಿ ಮಾಡುವ ಕಾಗದದ ಮೈಕ್ರೋಸ್ಕೋಪೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಜೊತೆಗಾರರು ಮಾಡಿದ್ದು, 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಈರುಳ್ಳಿ ಪದರದ ಒಳಬದಿಯ ತೆಳು ಪೊರೆ ತೆಗೆದು, ಒಂದು ತೊಟ್ಟು ಅಯೋಡಿನ್ ಹಾಕಿ ನೋಡಲು ಅಷ್ಟು ಧಾರಾಳವಾಯಿತು. ಗೋಡೆ ಕಟ್ಟಿದ ಇಟ್ಟಿಗೆಗಳ ಹಾಗೆ ಕೋಶಗಳು ಸಾಲಾಗಿ ಕಾಣುತ್ತವೆ.

ಚಾರ್ಟಿಗೆ ದುಡ್ಡು ಹಾಕಬೇಡಿ, ಮಕ್ಕಳೇ ಬರೆಯಲಿ. ಪ್ಲಾಸ್ಟಿಕ್ ದೇಹ ಕೆಟ್ಟದ್ದೇನಲ್ಲ. ಆದರೆ ಒಂದು ತಿಂಗಳಲ್ಲಿ ಪಿತ್ತಕೋಶ ಕಳೆದುಹೋಗುತ್ತದೆ, ಬರೆದಿಟ್ಟುಕೊಳ್ಳಿ.

ಇನ್ನು ಮಸೂರದಲ್ಲಿ ಏನು ನೋಡಿಸುವುದು? ಇಲ್ಲಿ ನನಗೆ ಸ್ವಲ್ಪ ಜಾಸ್ತಿಯೇ ಹೇಳಬೇಕಿದೆ. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮನೆಮನೆಯಲ್ಲೂ ಅವರೆಕಾಳು ನೆನೆಯುತ್ತಿರುತ್ತದೆ, ಅಲ್ವಾ? ನಿಮ್ಮ ಕ್ಲಾಸಿನ ಅರ್ಧ ಮಕ್ಕಳು ಅಜ್ಜಿಯ ಪಕ್ಕ ಕೂತು ಕಾಳು ಹಿತುಕಿದವರೇ. ಒಂದು ಸೇರು ಕಾಳು ನೆನೆಸಿ ತನ್ನಿ. ಹಿತುಕುವ ಮೊದಲು ಕಾಳಿನ ಅಂಚಿನಲ್ಲಿರುವ ಬಿಳಿ ಗೆರೆ ತೋರಿಸಿ. ಕಾಯಿಗೆ ಕಾಳು ಅಂಟಿಕೊಂಡಿದ್ದ ಜಾಗ ಅದು, ನಮ್ಮ ಹೊಕ್ಕುಳಿದ್ದ ಹಾಗೆ. ಒಣಕಾಳು ನೆನೆಸಿದ್ದಾದರೆ ಬಟ್ಟೆಯಲ್ಲಿ ಒರೆಸಿ ಮೆಲ್ಲಗೆ ಒತ್ತಿಸಿ. ಗೆರೆಯ ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ನೀರು ಜಿನುಗುತ್ತದೆ. ಅಲ್ಲೊಂದು ರಂಧ್ರವಿದೆ ಅಂತ ನೀವು ಹೇಳುವುದೇ ಬೇಡ.

ಆಮೇಲೆ ಹಿತುಕಲಿ. ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಳೆ ಚಿಮ್ಮಿ ಪಕ್ಕದವನ ನೋಟ್‌ಬುಕ್ ಮೇಲೆ ಬೀಳುತ್ತದೆ. ಎರಡು ಹೋಳು ಬಿಡಿಸಿದರೆ ಒಂದರ ಅಂಚಿಗೆ ಸಣ್ಣದೊಂದು ಕೊಕ್ಕೆ ಅಂಟಿಕೊಂಡಿರುತ್ತದೆ. ಅಡುಗೆಮನೆಯಲ್ಲಿ ಇದನ್ನು ಯಾರೂ ನೋಡುವುದಿಲ್ಲ. ಈಗ ಮಸೂರ ಹಿಡಿಯಲಿ. ಒಂದು ತುದಿ ಚೂಪು, ಅದು ಮುಂದೆ ಬೇರು. ಇನ್ನೊಂದು ತುದಿಯಲ್ಲಿ ಮಡಚಿಟ್ಟ ಪುಟಾಣಿ ಎಲೆಗಳು. ನರಗಳ ಗೆರೆ ಕೂಡ ಕಂಡಿತು ಅನ್ನುವ ಮಕ್ಕಳಿರುತ್ತಾರೆ. ಗಿಡ ಹುಟ್ಟುವ ಮುಂಚೆಯೇ ಎಲೆ ರೆಡಿ. ಉಳಿದ ದಪ್ಪ ಹೋಳುಗಳು ಆ ಮರಿಗಿಡಕ್ಕೆ ಕಟ್ಟಿಕೊಟ್ಟ ಬುತ್ತಿ. ‘ಬೀಜದಳ’ ಅನ್ನುವ ಪದವನ್ನು ಇಷ್ಟಾದ ಮೇಲೆ ಬೋರ್ಡಿನ ಮೇಲೆ ಬರೆಯಿರಿ.

ಅವರೆ ಸಿಗದ ತಿಂಗಳಲ್ಲಿ ಕಡಲೆಕಾಯಿ ಇದೆ. ಅದರ ಬೀಜ ಬಿಡಿಸಿದರೂ ತುದಿಯಲ್ಲಿ ಇದೇ ಎಲೆ ಕಾಣುತ್ತದೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುವ ಮಕ್ಕಳಿಗೆ ಅಂದೇ ಹೋಮ್‌ವರ್ಕ್ ಕೊಡಬಹುದು.

ಮುಂದಿನ ಪಾಠಕ್ಕೆ ಒಂದು ಪ್ರಶ್ನೆ. ತೊಗರಿಕಾಳು ಮೊಳಕೆ ಬರುತ್ತದೆ, ತೊಗರಿಬೇಳೆ ಯಾಕೆ ಬರುವುದಿಲ್ಲ? ಉತ್ತರ ಹೇಳಬೇಡಿ. ಒದ್ದೆ ಬಟ್ಟೆಯ ಮೇಲೆ ಇಡೀ ಅವರೆಕಾಳು, ಸಿಪ್ಪೆ ತೆಗೆದ ಕಾಳು, ಕೊಕ್ಕೆ ಇರುವ ಹೋಳು, ಕೊಕ್ಕೆ ಇಲ್ಲದ ಹೋಳು, ನಾಲ್ಕನ್ನೂ ಬೇರೆ ಬೇರೆ ಇಡಿಸಿ. ಒಂದು ವಾರ ಮಕ್ಕಳೇ ಬರೆದಿಡಲಿ. ಕೆಲವಕ್ಕೆ ಬೂಷ್ಟು ಹಿಡಿಯುತ್ತದೆ. ಹಿಡಿಯಲಿ ಬಿಡಿ, ಅದಕ್ಕೂ ಮಸೂರ ಇದೆಯಲ್ಲ.

ಲಾಲ್‌ಬಾಗ್ ಪ್ರವಾಸದ ಬಗ್ಗೆಯೂ ಕೇಳಿದ್ದೀರಿ. ಹೋಗಿ. ಆದರೆ ಇಡೀ ತೋಟ ಸುತ್ತಿಸಬೇಡಿ, ಬಿಸಿಲಿಗೆ ಮಕ್ಕಳು ಐಸ್‌ಕ್ರೀಮ್ ಬಿಟ್ಟು ಬೇರೇನೂ ನೋಡುವುದಿಲ್ಲ. ಸೀದಾ ಬಂಡೆ ಹತ್ತಿಸಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಅದರ ಮೇಲೆ ಬೂದು ಬಣ್ಣದ ಕಲೆಗಳಿದ್ದರೆ ಮಸೂರ ಹಿಡಿಸಿ. ಅವು ಕಲ್ಲುಹೂವು ಇರಬಹುದು. ಕಲ್ಲುಹೂವು ಅಂದರೆ ಶಿಲೀಂಧ್ರವೂ ಪಾಚಿಯೂ ಸೇರಿ ನಡೆಸುವ ಸಂಸಾರ. ಅದರ ಬಳಗದ್ದೇ ಒಂದು ಮನೆಯ ಮಸಾಲೆ ಡಬ್ಬಿಯಲ್ಲೂ ಇದೆ, ಮರುದಿನ ತರಲು ಹೇಳಿ. ಬಂಡೆಯದ್ದನ್ನು ಮಾತ್ರ ಕೆರೆಯಲು ಬಿಡಬೇಡಿ. ಅದು ಬೆಳೆಯುವುದು ಬಲು ನಿಧಾನ.

ಮಿಕ್ಕ ದುಡ್ಡು ಪೂರ್ತಿ ಖರ್ಚು ಮಾಡಬೇಡಿ. ಗಾಜಿನ ಸ್ಲೈಡು, ಕವರ್‌ಸ್ಲಿಪ್ಪು, ಡ್ರಾಪರು ವರ್ಷಾ ವರ್ಷಾ ಬೇಕು. ಕವರ್‌ಸ್ಲಿಪ್ಪಂತೂ ಹಪ್ಪಳದ ಹಾಗೆ ಒಡೆಯುತ್ತದೆ. ಕೈಮಸೂರಗಳನ್ನು ಬೀಗ ಹಾಕಿಡದೆ ಕ್ಲಾಸಿನ ಮೊಳೆಗೆ ದಾರ ಕಟ್ಟಿ ನೇತುಹಾಕಿ. ಎರಡು ಕಳೆದುಹೋದರೆ ಹೋಗಲಿ. ಯಾವುದೋ ಮನೆಯಲ್ಲಿ ಮಗುವೊಂದು ಅದರಲ್ಲಿ ಇರುವೆಯನ್ನು ನೋಡುತ್ತಿರುತ್ತದೆ.

ಒಂದು ಮಾತು ಮರೆತೆ. ಸಾದಾ ಮೈಕ್ರೋಸ್ಕೋಪನ್ನೂ ಕೊಳ್ಳುವ ಮುಂಚೆ ನಿಮ್ಮ ಶಾಲೆಯ ಬೀರು ಒಮ್ಮೆ ತೆಗೆಸಿ. ಒಳಗೆ ಹಳೆಯದೊಂದು ಇದ್ದರೂ ಇರಬಹುದು. ಎಷ್ಟೋ ಸಲ ಕೆಟ್ಟಿರುವುದಿಲ್ಲ, ಕನ್ನಡಿಗೆ ಧೂಳು ಕೂತಿರುತ್ತದೆ ಅಷ್ಟೇ. ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಿ, ಕಿಟಕಿ ಕಡೆ ತಿರುಗಿಸಿ ನೋಡಿ. ಕೀಲಿಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿದಿರಾ?