ಅಣ್ಣನಿಗೆ ಲಕ್ವಾ, ತಮ್ಮನಿಗೆ ಜೀನ್ ಪರೀಕ್ಷೆ ಬೇಕೇ?

(ಹಾವೇರಿ ಜಿಲ್ಲೆಯ ಕುಟುಂಬ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಜೀನ್ ಪರೀಕ್ಷೆಯ ಸಲಹೆಗೆ ನಮ್ಮಲ್ಲಿ ಬಂದವರು 34 ವರ್ಷದ ತಮ್ಮ ಮತ್ತು ಅವರ ಹೆಂಡತಿ. 43ರ ಅಣ್ಣನಿಗೆ ಲಕ್ವಾ ಹೊಡೆದು ಹುಬ್ಬಳ್ಳಿಯಲ್ಲಿ ಚಿಕಿತ್ಸೆಯಾಗಿತ್ತು. ಅವರಿಗೆ ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಆದರೆ ಮೂವತ್ತರಿಂದಲೂ ಅರೆತಲೆನೋವು. ನೋವಿಗೆ ಮುಂಚೆ ಕಣ್ಣೆದುರು ಮಿಂಚಿನ ಗೆರೆ. ಅಪ್ಪನಿಗೂ ಕಾಕಾನಿಗೂ ಐವತ್ತರ ಆಸುಪಾಸಿನಲ್ಲಿ ಲಕ್ವಾ, ಆಮೇಲೆ ಮರೆವು. ಅಣ್ಣನ ಎಂ.ಆರ್.ಐ.ಯಲ್ಲಿ ಮಿದುಳಿನ ಬಿಳಿಭಾಗದ ತುಂಬ ಮಚ್ಚೆಗಳಿದ್ದವು, ಕಣತಲೆಯ ಕಡೆಯ ಮುಂತುದಿಯಲ್ಲೂ ಇದ್ದವು. ಹೀಗಾಗಿ ನರರೋಗತಜ್ಞರು ಕಾಡಾಸಿಲ್ (ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುವ, ವಂಶದಲ್ಲಿ ಹರಿದುಬರುವ ಕಾಯಿಲೆ) ಇರಬಹುದೆಂದು ಶಂಕಿಸಿದ್ದರು.

"ಅಣ್ಣಗ ಬಂದೈತಿ ಅಂದ್ರ ನಾ ಪಾರಾದ್ನೇನ್ರಿ? ಇವತ್ತ ನನ್ನ ರಕ್ತ ತಗೊಂಡ್ಬಿಡ್ರಿ" ಎಂದರು ತಮ್ಮ.

ರಕ್ತ ತೆಗೆಯಲಿಲ್ಲ. ಮೊದಲು ಪರೀಕ್ಷೆ ಆಗಬೇಕಾದದ್ದು ಕಾಯಿಲೆ ಇರುವ ಅಣ್ಣನಿಗೆ. ಅವರ ಜೀನ್‌ನಲ್ಲಿ ಆಗಿರುವ ಬದಲಾವಣೆ ಯಾವುದೆಂದು ತಿಳಿಯದೆ ತಮ್ಮನ ವರದಿ 'ಏನೂ ಇಲ್ಲ' ಎಂದು ಬಂದರೆ ಅದನ್ನು ನಂಬಲಾಗದು. ಕುಟುಂಬದ ಬದಲಾವಣೆ ಬೇರೆ ಜೀನ್‌ನಲ್ಲಿಯೇ ಇರಬಹುದು.

ಕಾಡಾಸಿಲ್‌ಗೆ ಕಾರಣ 19ನೇ ವರ್ಣತಂತುವಿನ ನಾಚ್-3 ಜೀನ್. ಇದು ಗೊತ್ತಾದದ್ದು 1996ರಲ್ಲಿ. ಈ ಜೀನ್ ತಯಾರಿಸುವ ಪ್ರೋಟೀನಿನ ಹೊರಭಾಗದಲ್ಲಿ ಒಂದೇ ಬಗೆಯ 34 ತುಣುಕುಗಳು, ಪ್ರತಿಯೊಂದರಲ್ಲೂ ಸಿಸ್ಟೀನ್ ಎಂಬ ಅಮೈನೋ ಆಮ್ಲ 6. ರೋಗ ತರುವ ಬದಲಾವಣೆಗಳಲ್ಲಿ ಹೆಚ್ಚಿನವು ಆ ಸಂಖ್ಯೆಯನ್ನು 5 ಅಥವಾ 7 ಮಾಡುತ್ತವೆ. ಆಗ ಪ್ರೋಟೀನ್ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಶೇಖರವಾಗಿ ಸ್ನಾಯುಕೋಶಗಳು ಸಾಯುತ್ತವೆ. ವರದಿ ಬಂದಾಗ ನೋಡಬೇಕಾದದ್ದು ಈ ಸಿಸ್ಟೀನ್ ಲೆಕ್ಕವನ್ನೇ. 'ಅರ್ಥ ಅನಿಶ್ಚಿತ' ಎಂದಿದ್ದರೆ ಅದರ ಆಧಾರದ ಮೇಲೆ ಮನೆಯವರನ್ನು ಪರೀಕ್ಷಿಸಬಾರದು.

ಅಪ್ಪ ಅಥವಾ ಅವ್ವನಲ್ಲಿ ಈ ಬದಲಾವಣೆ ಇದ್ದರೆ ಪ್ರತಿ ಮಗುವಿಗೂ ಶೇ. 50 ಸಾಧ್ಯತೆ, ಹೆಣ್ಣಾಗಲಿ ಗಂಡಾಗಲಿ. ಅಣ್ಣನಿಗೆ ಬಂದದ್ದು ತಮ್ಮನ ಪಾಲನ್ನು ಹೆಚ್ಚಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಈ ಮನೆಗೆ ಸೋದರಮಾವನ ಮಗಳನ್ನು ತಂದದ್ದಕ್ಕೆ ಹೀಗಾಯಿತೇ ಎಂದು ಹೆಂಡತಿ ಕೇಳಿದರು. ಇಲ್ಲ. ಅಪ್ಪ-ಅವ್ವ ಇಬ್ಬರಿಂದ ಬರುವ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಸಾಕಾಗುವ ಕಾಯಿಲೆ ಇದು. ರಕ್ತಸಂಬಂಧದ ಮದುವೆ ಅಪಾಯ ಹೆಚ್ಚಿಸುವುದು ಹೋಮೋಸಿಸ್ಟಿನ್ಯೂರಿಯಾದಂಥ, ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರಬೇಕಾದ ಕಾಯಿಲೆಗಳಲ್ಲಿ.

ಬಹುಪಾಲು ಲಕ್ವಾ ಹೀಗೆ ಒಂದೇ ಜೀನ್‌ನಿಂದ ಬರುವುದಲ್ಲ ಎಂಬುದನ್ನೂ ಹೇಳಬೇಕಾಯಿತು. ಊರಲ್ಲಿ ಆಗಲೇ 'ಮನೆತನದ ದೋಷ' ಎಂಬ ಮಾತು ಎದ್ದಿತ್ತು. ಸಾಮಾನ್ಯವಾಗಿ ಸಣ್ಣ ಸಣ್ಣ ಪ್ರಭಾವದ ಅನೇಕ ಜೀನ್‌ಗಳ ಜೊತೆ ಬಿ.ಪಿ., ಸಕ್ಕರೆ, ತಂಬಾಕು ಸೇರಿರುತ್ತವೆ.

ತಮ್ಮ ದಿನಕ್ಕೆ ಹತ್ತು ಬೀಡಿ ಸೇದುತ್ತಿದ್ದರು. ಕಾಡಾಸಿಲ್ ಇರುವವರಲ್ಲಿ ಬೀಡಿ, ಸಿಗರೇಟು ಲಕ್ವಾವನ್ನು ಬೇಗ ತರುತ್ತವೆ. ಜೀನ್ ಬದಲಿಸುವ ಔಷಧಿ ಇಲ್ಲ, ಬೀಡಿ ಬಿಡುವುದು ಕೈಯಲ್ಲಿದೆ. ಆದ್ದರಿಂದ ಅದಕ್ಕೆ ವರದಿ ಕಾಯಬೇಡಿ ಎಂದೆವು. ಮೊದಲ ವಾರ ಬಿ.ಪಿ. ಬೆಳಿಗ್ಗೆ-ಸಂಜೆ ಅಳೆದು ಬರೆದಿಡಬೇಕು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಉಪ್ಪೂ ಆ ಲೆಕ್ಕದಲ್ಲೇ. ಬಾಯಿ ಸೊಟ್ಟಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರದೆ 108ಕ್ಕೆ ಕರೆ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ಲಕ್ವಾ ಶುರುವಾದಾಗಿನಿಂದ ನಾಲ್ಕೂವರೆ ತಾಸು. ಕೊಡುವ ನಿರ್ಧಾರ ವೈದ್ಯರದ್ದು, ಹಾಗಾಗಿ ಕಾಡಾಸಿಲ್ ಶಂಕೆ ಇದೆಯೆಂದು ಹೋದಕೂಡಲೇ ತಿಳಿಸಬೇಕು.

ತಮ್ಮನ 6 ವರ್ಷದ ಮಗಳಿಗೆ ಪರೀಕ್ಷೆ ಬೇಡವೆಂದೆವು. ಈಗ ತಿಳಿದರೂ ಮಾಡುವಂಥ ಚಿಕಿತ್ಸೆ ಇಲ್ಲ, 18 ತುಂಬಿದ ಮೇಲೆ ಅವಳೇ ನಿರ್ಧರಿಸಲಿ. ಈ ಅಣ್ಣ-ತಮ್ಮಂದಿರ ತಂಗಿಯನ್ನು ಕನ್ಯಾ ನೋಡಲು ಬರುವವರ ಒತ್ತಾಯಕ್ಕೂ ಪರೀಕ್ಷೆ ಮಾಡಿಸಬಾರದು. ತಿಳಿಯುವುದೂ ತಿಳಿಯದಿರುವುದೂ ಆಕೆಯ ಹಕ್ಕು; ಆಕೆಯೊಡನೆ ಪ್ರತ್ಯೇಕವಾಗಿ ಮಾತಾಡಬೇಕು.

ಅಣ್ಣನ ವರದಿ ಸಿಸ್ಟೀನ್ ಬದಲಾವಣೆಯನ್ನು ಖಚಿತಪಡಿಸಿತು. ತಮ್ಮನಿಗೆ ಒಂದು ತಿಂಗಳು ಯೋಚಿಸಲು ಹೇಳಿ ಎರಡು ಪ್ರಶ್ನೆ ಕೊಟ್ಟಿದ್ದೆವು: 'ಇದೆ' ಎಂದು ಬಂದರೆ ಮರುದಿನ ಏನು ಬದಲಾಗುತ್ತದೆ? ಯಾರಿಗೆ ಹೇಳುತ್ತೀರಿ? ತಿಂಗಳ ನಂತರ ಬಂದು ರಕ್ತ ಕೊಟ್ಟರು. ಫಲಿತಾಂಶವನ್ನು ಫೋನಿನಲ್ಲಿ ಹೇಳುವುದಿಲ್ಲ, ಹೆಂಡತಿಯನ್ನು ಕರೆದುಕೊಂಡೇ ಬನ್ನಿ ಎಂದು ತಿಳಿಸಿದ್ದೇವೆ.