ಬಾಲಕ್ಕೆ ಬಣ್ಣ ಹಚ್ಚಿದರೆ ಮೂತಿಗೆ ಸೀಸ

ಹೋದ ತಿಂಗಳು ಇದೇ ಪುಟದಲ್ಲಿ ನಾನು ಕಟ್ಟುತ್ತಿರುವ ರೇಡಿಯೊ ಕಂಟ್ರೋಲ್ ವಿಮಾನದ ಬಗ್ಗೆ ಬರೆದಿದ್ದೆ. ರೆಕ್ಕೆ ತುದಿಯಿಂದ ತುದಿಗೆ 120 ಸೆಂ.ಮೀ., ಮೈಯೆಲ್ಲ ಬಾಲ್ಸಾ ಎಂಬ ಅತಿ ಹಗುರದ ಮರ, ಬ್ಯಾಟರಿ ಮೋಟರ್, ಆಕಾಶದಲ್ಲಿ ಲಾಗ ಹಾಕುವ ಜಾತಿ. ರೂಪ ಜರ್ಮನಿಯ ಎಕ್ಸ್‌ಟ್ರಾ 300 ವಿಮಾನದ್ದು. ಅಸಲಿ ಎಕ್ಸ್‌ಟ್ರಾ ಮೊದಲು ಹಾರಿದ್ದು 1988ರಲ್ಲಿ, ವಾಲ್ಟರ್ ಎಕ್ಸ್‌ಟ್ರಾ ಎಂಬುವರು ಮಾಡಿದ್ದು. ಆ ಬರಹಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಟ್ಟುವುದರ ಬಗ್ಗೆ ಅಲ್ಲ, ಕಟ್ಟಿ ಮುಗಿದ ಮೇಲೆ ಮಾಡುವ ಅಲಂಕಾರದ ಬಗ್ಗೆ. ಒಳ್ಳೆಯದೇ ಆಯಿತು, ಯಾಕಂದ್ರೆ ಸರಿಯಾಗಿ ಕಟ್ಟಿದ ವಿಮಾನ ಕೆಡುವುದು ಸಾಮಾನ್ಯವಾಗಿ ಅಲ್ಲೇ.

ಸರ್, ಎರಡು ತಿಂಗಳು ಕೂತು ವಿಮಾನ ಕಟ್ಟಿದೆ. ಬಾಲಕ್ಕೆ ಪುಟ್ಟಿ ಹಾಕಿ, ಉಜ್ಜಿ, ಮೂರು ಸಲ ಸ್ಪ್ರೇ ಪೇಂಟ್ ಹೊಡೆದು ಕನ್ನಡಿ ಥರ ಮಾಡಿದ್ದೇನೆ. ಈಗ ಬ್ಯಾಟರಿ ಎಷ್ಟು ಮುಂದೆ ತಳ್ಳಿದರೂ ಬಾಲ ಕೆಳಗೇ ಕೂರುತ್ತದೆ. ಮೂತಿಗೆ ಸೀಸ ಕಟ್ಟಬಹುದಾ? (ಓದುಗರು, ಹುಬ್ಬಳ್ಳಿ)

ಕಟ್ಟಬಹುದು. ಆದರೆ ಮೊದಲು ಲೆಕ್ಕ ನೋಡಿ. ವಿಮಾನ ಬೆರಳ ಮೇಲೆ ಸಮವಾಗಿ ನಿಲ್ಲುವ ಜಾಗ ಇದೆಯಲ್ಲ, ನಾವು ಸಿಜಿ ಅನ್ನುತ್ತೇವೆ, ಅಲ್ಲಿಂದ ನಿಮ್ಮ ಬಾಲ 60 ಸೆಂ.ಮೀ. ಹಿಂದಿದೆ, ಮೂತಿ 20 ಸೆಂ.ಮೀ. ಮುಂದಿದೆ ಅಂದುಕೊಳ್ಳಿ. ತಕ್ಕಡಿಯ ಒಂದು ಕಡೆ ಕೋಲು ಮೂರು ಪಟ್ಟು ಉದ್ದ. ಹಾಗಾಗಿ ಬಾಲಕ್ಕೆ ಹಚ್ಚಿದ 1 ಗ್ರಾಂ ಬಣ್ಣಕ್ಕೆ ಮೂತಿಯಲ್ಲಿ 3 ಗ್ರಾಂ ಸೀಸ. ಪುಟ್ಟಿ, ಬಣ್ಣ ಸೇರಿ 15 ಗ್ರಾಂ ಆಗಿದ್ದರೆ ಸೀಸ 45, ಒಟ್ಟು 60 ಗ್ರಾಂ ದಂಡ. 1200 ಗ್ರಾಂ ಇರಬೇಕಾದ ವಿಮಾನದಲ್ಲಿ ಇದು ನೂರಕ್ಕೆ ಐದು ಪಾಲು. ಲಾಗ ಹಾಕುವಾಗಲೂ ಗೊತ್ತಾಗುತ್ತದೆ, ಇಳಿಸುವಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ನಾನೇನೂ ನಿಮಗಿಂತ ಜಾಣ ಅಲ್ಲ. ನನ್ನ ಎರಡನೇ ವಿಮಾನಕ್ಕೆ ಇದನ್ನೇ ಮಾಡಿದ್ದೆ, ಮೇಲಾಗಿ ಸೀಸ ಕಟ್ಟಲು ಮನಸ್ಸು ಬರಲಿಲ್ಲ, ಅಷ್ಟು ತೂಕ ಸುಮ್ನೆ ಯಾಕೆ ಹೊರಿಸಬೇಕು ಅಂತ ಸಿಜಿ ಎರಡು ಬೆರಳು ಹಿಂದಿದ್ದ ಹಾಗೇ ಹಾರಿಸಿಬಿಟ್ಟೆ. ನೆಲ ಬಿಟ್ಟಿತು. ಎಲಿವೇಟರ್, ಅಂದರೆ ಮೂತಿ ಎತ್ತಿಳಿಸುವ ಬಾಲದ ಪಟ್ಟಿ, ಸ್ವಲ್ಪವೇ ಎಳೆದೆ ನೋಡಿ, ಮೂತಿ ಎತ್ತಿಕೊಂಡು ತಾನೇ ಪಲ್ಟಿ ಹೊಡೆದು ಪಕ್ಕದ ರಾಗಿ ಹೊಲಕ್ಕೆ ಹೋಯಿತು. ಹೊಲದ ಯಜಮಾನರು ಕನ್ನಡಿಯಂಥ ಬಾಲ ಒಂದು ಕೈಯಲ್ಲಿ, ಉಳಿದಿದ್ದೆಲ್ಲ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದು, "ಬಣ್ಣ ಮಾತ್ರ ಚೆನ್ನಾಗಿದೆ ಸಾರ್" ಅಂದರು.

ಆದ್ದರಿಂದ ಮೊದಲು ಬಾಲದ ಬಣ್ಣ ಉಜ್ಜಿ ತೆಗೆಯಿರಿ. ಬೇಜಾರಾಗುತ್ತದೆ, ಆದರೂ ತೆಗೆಯಿರಿ. ರಡರ್ (ಮೂತಿ ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ), ಎಲಿವೇಟರ್ ಇವನ್ನು ಆಡಿಸುವ ಪುಟ್ಟ ಮೋಟರ್‌ಗಳನ್ನು, ಅಂದರೆ ಸರ್ವೋಗಳನ್ನು, ಬಾಲದ ಹತ್ತಿರ ಕೂರಿಸಿದ್ದರೆ ಮುಂದಕ್ಕೆ ತಂದು ತೆಳ್ಳನೆ ಕಾರ್ಬನ್ ಕಡ್ಡಿಯಿಂದ ಜೋಡಿಸಿ. ಅಷ್ಟೂ ಮಾಡಿ ಇನ್ನೂ ಬಾಲ ಇಳಿದರೆ ಆಗ ಸೀಸ. ಸೀಸದ ಬದಲು ಒಂದು ಸೈಜ್ ದೊಡ್ಡ ಬ್ಯಾಟರಿ ಹಾಕುವುದೂ ಒಂದು ದಾರಿ, ಆ ತೂಕ ಕೆಲಸಕ್ಕಾದರೂ ಬರುತ್ತದೆ.

ಬಾಲ್ಸಾ ಶೀಟಿಗೆ ಯಾಕಿಷ್ಟು ರೇಟು? ನಮ್ಮೂರಲ್ಲಿ ಸಿಗುವ ಯಾವುದಾದರೂ ಹಗುರ ಮರ ಆಗುವುದಿಲ್ಲವೇ? (ಓದುಗರು, ಚಿತ್ರದುರ್ಗ)

ಬಾಲ್ಸಾ ಬಹುಪಾಲು ಬರುವುದು ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ. ನಿಮ್ಮೂರ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವಲ್ಲ, ಅಂಥ ಯಂತ್ರಗಳ ಬ್ಲೇಡ್ ಒಳಗೆ ತುಂಬಲು ಪ್ರಪಂಚದಾದ್ಯಂತ ಈ ಮರವನ್ನೂ ಬಳಸುತ್ತಾರೆ. ಅವರು ಕೊಳ್ಳುವ ಲೆಕ್ಕದ ಮುಂದೆ ನಾವು ಯಾವ ಮೂಲೆಗೆ?

ನಮ್ಮ ಮರಗಳು ಇಷ್ಟು ಹಗುರ ಇಲ್ಲ. ದುಡ್ಡು ಕೊಟ್ಟು ತರುವುದೇ ಆದರೆ ಅಂಗಡಿಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತೆಗೆದುಕೊಂಡು ಹೋಗಿ, ನಾಚಿಕೆ ಬೇಡ. 1 ಮೀಟರ್ ಉದ್ದ, 10 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಶೀಟು, ನೋಡಲು ಎಲ್ಲ ಒಂದೇ, ಒಂದು 30 ಗ್ರಾಂ ತೂಗಿದರೆ ಪಕ್ಕದ್ದು 60 ಗ್ರಾಂ ಇರಬಹುದು. ಬೆಲೆ ಮಾತ್ರ ಒಂದೇ. ಅತಿ ಹಗುರದ್ದು ಬಾಲಕ್ಕೆ, ಗಟ್ಟಿಯದ್ದು ರೆಕ್ಕೆಯ ಉದ್ದದ ಪಟ್ಟಿಗಳಿಗೆ. ಶೀಟಿನ ಮೇಲೆ ಮೀನಿನ ಹುರುಪೆಯಂಥ ಮಿನುಗುವ ಚುಕ್ಕಿ ಕಂಡರೆ ಅದು ಸುಲಭವಾಗಿ ಬಾಗುವುದಿಲ್ಲ, ರೆಕ್ಕೆಯ ಪಕ್ಕೆಲುಬಿಗೂ ಚಪ್ಪಟೆ ಬಾಲಕ್ಕೂ ಅದನ್ನೇ ಎತ್ತಿಡಿ. ಉದ್ದ ಗೆರೆಗಳ ಶೀಟು ಸುತ್ತಿದ ಕಡೆ ಸುತ್ತಿಕೊಳ್ಳುತ್ತದೆ, ರೆಕ್ಕೆಯ ಮೂತಿಗೆ ಹೊದಿಸಲು ಅದು.

ನಮ್ಮ ಯಜಮಾನರು ವಿಮಾನಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಲು ನನ್ನ ಇಸ್ತ್ರಿ ಪೆಟ್ಟಿಗೆ ತೆಗೆದುಕೊಳ್ಳುತ್ತಾರೆ. ಹೋದ ವಾರ ನನ್ನ ಬಿಳಿ ಕಾಟನ್ ಸೀರೆಗೆ ಕೆಂಪು ಗೆರೆ ಬಿತ್ತು. ಅವರಿಗೆ ಬೇರೆ ಪೆಟ್ಟಿಗೆ ಬೇಕೋ ಬೇಡವೋ ನೀವೇ ಹೇಳಿ, ನಾನು ಹೇಳಿದರೆ ಕೇಳುವುದಿಲ್ಲ. (ಓದುಗರು, ಮೈಸೂರು)

ಬೇಕೇ ಬೇಕು ಮೇಡಂ. ಈ ಪುಟ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿ. ಆ ಹಾಳೆಯ ಹಿಂದೆ ಬಿಸಿಗೆ ಕರಗುವ ಅಂಟು ಇರುತ್ತದೆ, ಬಣ್ಣವೂ ಅದರ ಜೊತೆಗೇ ಬರುತ್ತದೆ, ಪೆಟ್ಟಿಗೆಯ ತಳಕ್ಕೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಇದಕ್ಕೆಂದೇ ಅಂಗೈ ಅಗಲದ ಚಿಕ್ಕ ಪೆಟ್ಟಿಗೆ ಸಿಗುತ್ತದೆ.

ಮುಂದಿನದು ಯಜಮಾನರಿಗೆ. ಸರ್, ನೀವು ಎಲ್ಲಾ ಕಡೆ ಒಂದೇ ಬಿಸಿ ಇಡುತ್ತಿದ್ದೀರಿ ಅಂತ ನನ್ನ ಅನುಮಾನ. ಅಂಚು ಅಂಟಿಸಲು ಸುಮಾರು 100 ಡಿಗ್ರಿ ಸಾಕು, ಹಾಳೆ ಬಿಗಿಯಾಗಲು 150ರ ಹತ್ತಿರ ಬೇಕು. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ, ರೋಲ್ ಜೊತೆ ಬಂದ ಚೀಟಿ ಓದಿ. ಮೊದಲೇ ಜಾಸ್ತಿ ಬಿಸಿ ಕೊಟ್ಟರೆ ಅಂಟುವ ಮುಂಚೆಯೇ ಹಾಳೆ ಮುದುಡಿ, ಅಂಚು ಕೈಗೆ ಸಿಗುವುದಿಲ್ಲ.

ಹಾಳೆ ಹಾಕುವ ಮುಂಚೆ ಮರ ಉಜ್ಜುವುದರಲ್ಲೇ ಅರ್ಧ ಅಂದ ಇದೆ. 320, ಆಮೇಲೆ 400 ನಂಬರ್ ಸ್ಯಾಂಡ್ ಪೇಪರ್, ಪೇಪರನ್ನು ಬೆರಳಲ್ಲಿ ಹಿಡಿಯದೆ ಸಮತಟ್ಟಾದ ಮರದ ತುಂಡಿಗೆ ಸುತ್ತಿ ಉಜ್ಜಬೇಕು, ಇಲ್ಲದಿದ್ದರೆ ಮೆತ್ತನೆ ಮರ ಹಳ್ಳ ಬೀಳುತ್ತದೆ, ಗಟ್ಟಿ ಅಂಟು ಹಾಗೇ ಉಬ್ಬಿ ನಿಲ್ಲುತ್ತದೆ. ಧೂಳೆಲ್ಲ ಒರೆಸಿ. ಒಂದು ಕಣ ಉಳಿದರೂ ಹಾಳೆ ಕೆಳಗೆ ಮೊಡವೆ ಥರ ಕಾಣುತ್ತದೆ. ರೆಕ್ಕೆಗೆ ಮೊದಲು ಕೆಳಮೈ, ಆಮೇಲೆ ಮೇಲ್ಮೈ, ಆಗ ಜೋಡಣೆ ಕೆಳಗೆ ಅಡಗುತ್ತದೆ. ವಿಮಾನದ ಒಡಲಿಗೆ ಬಾಲದಿಂದ ಶುರು ಮಾಡಿ ಮುಂದಕ್ಕೆ ಬನ್ನಿ, ಮನೆಗೆ ಹೆಂಚು ಹೊದಿಸುವ ಹಾಗೆ, ಅಂಚುಗಳು ಗಾಳಿಗೆ ಎದುರಾಗಬಾರದು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಅದರ ಮೇಲೆ, 5–6 ಮಿ.ಮೀ. ಒಂದರ ಮೇಲೊಂದು ಕೂತರೆ ಸಾಕು. ಹಾಳೆಯ ಮೇಲೆ ಇಡೀ ಹಾಳೆ ಅಂಟಿಸಲು ಹೋಗಬೇಡಿ, ನಡುವೆ ಗಾಳಿ ಸಿಕ್ಕಿ ಬೊಬ್ಬೆ ಏಳುತ್ತದೆ, ತೂಕವೂ ಎರಡು ಪಟ್ಟು. ಬಿಗಿ ಮಾಡುವಾಗ ಮೇಲೊಂದು ಸ್ವಲ್ಪ, ಕೆಳಗೊಂದು ಸ್ವಲ್ಪ. ಒಂದೇ ಕಡೆ ಎಳೆದರೆ ರೆಕ್ಕೆಯೇ ಹಪ್ಪಳದ ಹಾಗೆ ತಿರುಚುತ್ತದೆ. ತಿರುಚಿಕೊಂಡಿದ್ದರೆ ಗಾಬರಿ ಬೇಡ, ಒಬ್ಬರು ಎದುರು ದಿಕ್ಕಿಗೆ ಸ್ವಲ್ಪ ಜಾಸ್ತಿಯೇ ತಿರುಚಿ ಹಿಡಿಯಲಿ, ಇನ್ನೊಬ್ಬರು ಬಿಸಿ ಕೊಡಲಿ, ಆರುವ ತನಕ ಬಿಡಬೇಡಿ. ಹಿಡಿದುಕೊಳ್ಳಲು ಯಾರನ್ನು ಕರೆಯಬೇಕು ಅನ್ನುವುದು ಸೀರೆಯ ವಿಷಯ ಬಗೆಹರಿದ ಮೇಲಿನ ಮಾತು.

ಇನ್ನೊಂದು. ಕೆಳಮೈ ಮೇಲ್ಮೈ ಒಂದೇ ಥರ ಮಾಡಬೇಡಿ. ಮೋಡ ಇರುವ ದಿನ ನೂರು ಮೀಟರ್ ದೂರದಲ್ಲಿ ಬಣ್ಣವೇ ಕಾಣುವುದಿಲ್ಲ, ಎಲ್ಲವೂ ಕಪ್ಪು ಕಾಗೆ. ಕೆಳಗೆ ಎರಡೇ ದಪ್ಪ ಪಟ್ಟಿ ಇದ್ದರೂ ವಿಮಾನ ತಲೆಕೆಳಗಾಗಿದೆಯೋ ನೆಟ್ಟಗಿದೆಯೋ ತಿಳಿಯುತ್ತದೆ.

ಹಾಳೆ ತಮಟೆ ಥರ ಬಿಗಿಯಾಗಿತ್ತು. ಹದಿನೈದು ದಿನದಲ್ಲಿ ಸುಕ್ಕು ಬಂತು. ಹಾಳೆಯೇ ಕಳಪೆಯೇ? (ಓದುಗರು, ತೀರ್ಥಹಳ್ಳಿ)

ಜುಲೈನಲ್ಲಿ ಹೊದಿಸಿದಿರಿ ತಾನೆ? ನಿಮ್ಮೂರ ಮಳೆಗಾಲದಲ್ಲಿ ಬಾಲ್ಸಾ ತೇವ ಕುಡಿದು ಉಬ್ಬಿರುತ್ತದೆ. ಅದರ ಮೇಲೆ ಹಾಳೆ ಎಳೆದರೆ, ಮರ ಒಣಗಿ ಕುಗ್ಗಿದಾಗ ಹಾಳೆ ಸಡಿಲ. ಹೊದಿಸುವ ಮುಂಚೆ ಎರಡು ದಿನ ಬೆಚ್ಚಗಿನ ಕೋಣೆಯಲ್ಲಿ ಇಡಿ. ಒಲೆ ಮೇಲಿನ ಅಟ್ಟ ಇನ್ನೂ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಮಸಿ ಬೀಳದಂತೆ ಪೇಪರ್ ಸುತ್ತಿ. ಈಗ ಬಂದಿರುವ ಸುಕ್ಕಿಗೆ ಮತ್ತೊಮ್ಮೆ ಬಿಸಿ ತೋರಿಸಿದರೆ ಆಯಿತು, ಹೊಸ ಹಾಳೆ ಬೇಡ.

ಅಂಕಲ್, ನಾನು ಒಂಬತ್ತನೇ ಕ್ಲಾಸ್. ಮೊಬೈಲಲ್ಲಿ 3ಡಿ ಹಾರಾಟ (ವಿಮಾನ ಗಾಳಿಯಲ್ಲೇ ನಿಂತು ಲಾಗ ಹಾಕುವುದು) ನೋಡಿ ಹುಚ್ಚು ಹಿಡಿದಿದೆ. ಅಪ್ಪ ಹುಟ್ಟುಹಬ್ಬಕ್ಕೆ ಕಿಟ್ ಕೊಡಿಸುತ್ತಾರಂತೆ. ಸೀದಾ ಎಕ್ಸ್‌ಟ್ರಾ ಕಟ್ಟಲಾ? (ವಿದ್ಯಾರ್ಥಿ, ಧಾರವಾಡ)

ಬೇಡ ತಮ್ಮಾ. ನೀನು ಕಟ್ಟಬಲ್ಲೆ, ಆದರೆ ಹಾರಿಸಲಾರೆ. ಕಲಿಯುವವರ ವಿಮಾನದ ರೆಕ್ಕೆ ಬೆನ್ನ ಮೇಲೆ, ತುದಿ ಸ್ವಲ್ಪ ಮೇಲಕ್ಕೆ ಎದ್ದಿರುತ್ತದೆ. ಕೈ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಲಾಗ ಹಾಕುವ ವಿಮಾನದ ರೆಕ್ಕೆ ನಡುಮೈಯಲ್ಲಿ, ನೇರ, ಮೇಲೂ ಕೆಳಗೂ ಒಂದೇ ಉಬ್ಬು. ಅದಕ್ಕೆ ನೆಟ್ಟಗಿರುವುದೂ ತಲೆಕೆಳಗಿರುವುದೂ ಒಂದೇ. ನೀನು ಓರೆ ಮಾಡಿ ಬಿಟ್ಟರೆ ಓರೆಯಾಗೇ ಹೋಗುತ್ತಿರುತ್ತದೆ. ಅಪ್ಪನಿಗೆ ಮೊದಲು ಟ್ರಾನ್ಸ್‌ಮಿಟರ್, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟ್, ಕೊಡಿಸಲು ಹೇಳು, ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರಿನಲ್ಲಿ ಎರಡು ತಿಂಗಳು ಬೇಕಾದಷ್ಟು ಕೆಡವು. ಆಮೇಲೆ ಥರ್ಮಾಕೋಲ್ ಅಥವಾ ಕೋರೋ ಶೀಟಿನ (ಬೋರ್ಡ್ ಬರೆಸುವ ಪೊಳ್ಳು ಪ್ಲಾಸ್ಟಿಕ್ ಹಾಳೆ) ಟ್ರೇನರ್, ಅಂದರೆ ಕಲಿಯುವವರ ವಿಮಾನ. ನಿಮ್ಮ ಕಡೆ ಎನ್‌ಸಿಸಿ ಏರ್ ವಿಂಗ್ ಇದ್ದರೆ ಸೇರಿಕೋ, ಅವರಲ್ಲಿ ಏರೋಮಾಡೆಲಿಂಗ್ ಕಲಿಸುತ್ತಾರೆ.

ಸೂರ್ಯಕಿರಣ್ ನೋಡಿಯೇ ಬೆಳೆದವನು ನಾನು. ಅದೇ ಕೆಂಪು ಬಿಳಿ ಬಣ್ಣದ ಕಿರಣ್ ಮಾಡಿ ನಮ್ಮೂರಲ್ಲೇ ಹಾರಿಸುವ ಆಸೆ. (ಓದುಗರು, ಬೀದರ್)

ಆಸೆ ಅರ್ಥವಾಗುತ್ತದೆ. 1996ರಲ್ಲಿ ವಾಯುಪಡೆಯ ಆ ಲಾಗ ಹಾಕುವ ತಂಡ ಶುರುವಾದಾಗ ಹಾರಿಸುತ್ತಿದ್ದ ಕಿರಣ್ ನಮ್ಮ ಎಚ್‌ಎಎಲ್‌ನದು, ಈಗಿರುವುದು ಹಾಕ್. ಎರಡೂ ಜೆಟ್. ಮಾದರಿಯಲ್ಲಿ ಒಡಲೊಳಗೆ ಫ್ಯಾನ್ ಕೂರಿಸಬೇಕು, ಬ್ಯಾಟರಿ ಹೆಚ್ಚು ತಿನ್ನುತ್ತದೆ, ಓಡಲು ಒಳ್ಳೆ ರನ್‌ವೇ ಕೇಳುತ್ತದೆ. ಬಣ್ಣ ಮಾತ್ರ ಎರವಲು ತೆಗೆದುಕೊಂಡು ಎಕ್ಸ್‌ಟ್ರಾಗೆ ಹಾಕಿ ಅಂತ ನನ್ನ ಸಲಹೆ. ಶುದ್ಧಾಚಾರದವರು ಬೈಯಬಹುದು, ಬೈಯಲಿ.

ಆದರೆ ಊರಲ್ಲೇ ಹಾರಿಸುವುದು ಅಂದಿರಲ್ಲ, ಅದು ಬೇರೆ ಮಾತು. ಅಲ್ಲಿ ವಾಯುಪಡೆ ನೆಲೆ ಇದೆ. 2021ರ ಡ್ರೋನ್ ನಿಯಮಗಳು ನಮ್ಮಂಥವರ ವಿಮಾನಕ್ಕೂ ಅನ್ವಯ. ಹವ್ಯಾಸಕ್ಕೆ, ಕಣ್ಣಳತೆಯಲ್ಲೇ ಹಾರಿಸುವ, 25 ಕೆ.ಜಿ. ಒಳಗಿನ ಮಾದರಿಗಳಿಗೆ ಕೆಲವು ವಿನಾಯಿತಿ ಇವೆ, ಆದರೆ ಆಕಾಶದ ಕೆಂಪು, ಹಳದಿ, ಹಸಿರು ವಲಯಗಳಿಗೆ ವಿನಾಯಿತಿ ಇಲ್ಲ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ಕಾಣುವ ಜಾಗ ಹುಡುಕಿ, ಅಲ್ಲೂ 400 ಅಡಿ ಒಳಗೆ. ಊರಿಂದ ಒಂದಷ್ಟು ದೂರ ಹೋಗಬೇಕಾದೀತು.

ಎಲ್ಲ ಮುಗಿಯಿತು, ಭಾನುವಾರ ಮೊದಲ ಹಾರಾಟ. ಏನೇನು ನೋಡಿಕೊಳ್ಳಲಿ? (ಓದುಗರು, ತುಮಕೂರು)

ಹೊರಡುವ ಹಿಂದಿನ ರಾತ್ರಿ ಒಂದು ದಾರ ತೆಗೆದುಕೊಳ್ಳಿ. ರಡರ್ ಬುಡದ ನಡುವಿನಿಂದ ಎಡ ರೆಕ್ಕೆ ತುದಿಗೆ ಅಳೆದು, ಅದೇ ದಾರವನ್ನು ಬಲಕ್ಕೆ ತನ್ನಿ. ಎರಡೂ ಒಂದೇ ಇರಬೇಕು. ಐಲರಾನ್ (ವಿಮಾನವನ್ನು ಓರೆ ಮಾಡುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಮತ್ತು ರೆಕ್ಕೆಯ ನಡುವಿನ ಸಂದಿಗೆ ಉದ್ದಕ್ಕೂ ಪಾರದರ್ಶಕ ಟೇಪ್ ಅಂಟಿಸಿ. ಗಾಳಿ ಅಲ್ಲಿ ನುಸುಳಿದರೆ ಐಲರಾನ್ ಬಲ ಕಡಿಮೆ, ವೇಗ ಹೆಚ್ಚಾದಾಗ ಅದು ದುಂಬಿ ಥರ ಗುಂಯ್‌ಗುಡುತ್ತಾ ಕಿತ್ತುಹೋಗಲೂಬಹುದು. ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟರ್ ನಿಲ್ಲುತ್ತದಾ ಅಂತ ಪ್ರೊಪೆಲರ್ ಬಿಚ್ಚಿ ಪರೀಕ್ಷೆ ಮಾಡಿ. ಟ್ರಾನ್ಸ್‌ಮಿಟರಿನ ಕಡ್ಡಿ ಬಲಕ್ಕೆ ಒತ್ತಿದರೆ ಬಲ ಐಲರಾನ್ ಮೇಲೇಳಬೇಕು. ನಗಬೇಡಿ, ಇದನ್ನು ತಪ್ಪಿ ಪುಡಿ ಮಾಡಿದವರು ಎಷ್ಟೋ ಜನ.

ಎಕ್ಸ್‌ಪೋ, ಅಂದರೆ ಕಡ್ಡಿ ಎಷ್ಟು ಚುರುಕು ಅನ್ನುವ ಸೆಟಿಂಗ್, ಹಾಕುವಾಗ ಹುಷಾರ್. ಕಡ್ಡಿಯ ನಡುಭಾಗ ಮೆತ್ತಗಾಗಲು ಫುಟಾಬಾ ಕಂಪನಿಯ ಟ್ರಾನ್ಸ್‌ಮಿಟರಿನಲ್ಲಿ ಮೈನಸ್ ಅಂಕಿ, ಸ್ಪೆಕ್ಟ್ರಮ್ ಕಂಪನಿಯದರಲ್ಲಿ ಪ್ಲಸ್. ಗೆಳೆಯರ ಸೆಟಿಂಗ್ ಕಾಪಿ ಹೊಡೆದರೆ ಉಲ್ಟಾ ಆಗುತ್ತದೆ. ಮೊದಲ ದಿನ ಐಲರಾನ್, ಎಲಿವೇಟರ್ ಚಲನೆ 10–12 ಡಿಗ್ರಿ ಸಾಕು, 40 ಡಿಗ್ರಿ ಆಮೇಲೆ. ಸಿಜಿ ಸ್ವಲ್ಪ ಮುಂದೇ ಇರಲಿ, ರೆಕ್ಕೆಯ ಮುಂದಂಚಿನಿಂದ ಅಗಲದ ನಾಲ್ಕನೇ ಒಂದು ಭಾಗದ ಆಸುಪಾಸು. ಎತ್ತರದಲ್ಲಿ ತಲೆಕೆಳಗು ಮಾಡಿ ಕೈ ಬಿಟ್ಟು ನೋಡಿ. ಬೇಗ ನೆಲದ ಕಡೆ ಬಗ್ಗಿದರೆ ಮೂತಿ ಭಾರ, ಮುಂದಿನ ಸಲ ಬ್ಯಾಟರಿ 5 ಮಿ.ಮೀ. ಹಿಂದಕ್ಕೆ.

ನಾಲ್ಕು ನಿಮಿಷಕ್ಕೆ ಟೈಮರ್ ಇಡಿ. ಇಳಿಸಿ ಬ್ಯಾಟರಿ ಬಿಚ್ಚಿದ ತಕ್ಷಣ ಮೋಟರ್ ಮುಟ್ಟಿ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಒಂದು ಸೈಜ್ ಚಿಕ್ಕ ಪ್ರೊಪೆಲರ್ ಹಾಕಿ.